ಅಸಲಿ ಮುಚ್ಚಳ

೧೯೯೪ ಜನವರಿ ೧೧, ಮಂಗಳವಾರ

ಲೆನ್ ಮನೆಗೆ ಬಂದ. ಅರ್ಧ ಬಂದ ಅನ್ನಬೇಕು. ಬಲಗೈ, ಬಲಗಾಲು ಇನ್ನೂ ಆಸ್ಪತ್ರೆಯಲ್ಲೇ ಉಳಿದುಕೊಂಡಂತಿವೆ. ಮಾತು ಪೂರ್ತಿ ಹೋಗಿದೆ, ಒಂದೇ ಒಂದು ಶಬ್ದ ಬಿಟ್ಟು. ಆ ಶಬ್ದ "ದರಿದ್ರ".

ನಲವತ್ತು ವರ್ಷ ಒಂದು ಭಾನುವಾರವೂ ತಪ್ಪಿಸದೆ ಚಾಪೆಲ್ಲಿಗೆ ಹೋದವನು, ಹೆಬ್ಬೆರಳ ಮೇಲೆ ಸುತ್ತಿಗೆ ಬಿದ್ದರೂ ತುಟಿ ಕಚ್ಚಿಕೊಂಡು ಸುಮ್ಮನಾಗುತ್ತಿದ್ದವನು ಇದನ್ನು ಎಲ್ಲಿ ಬಚ್ಚಿಟ್ಟಿದ್ದನೋ. ಡಾಕ್ಟರು ಹೇಳುವ ಪ್ರಕಾರ ಮೆದುಳಿನಲ್ಲಿ ಬೈಗುಳದ ಕೋಣೆ ಬೇರೆಯಂತೆ, ಲಕ್ವದ ಪೆಟ್ಟು ಅಲ್ಲಿಗೆ ತಾಗಿಲ್ಲ. ಸಂಜೆ ಪಾದ್ರಿ ಬಂದು ಕೈ ಹಿಡಿದು ಪ್ರಾರ್ಥಿಸಿದರು. ಆಮೆನ್ ಅನ್ನುವ ಜಾಗದಲ್ಲಿ ಲೆನ್ ಕಣ್ಣು ಮುಚ್ಚಿ ಬಹಳ ಭಕ್ತಿಯಿಂದ "ದರಿದ್ರ" ಅಂದ.

ಪಾದ್ರಿ ಒಳ್ಳೆಯವರು. "ಬಿಡಿ ಮಾವಿಸ್, ಮೇಲಿರೋನಿಗೆ ಅರ್ಥ ಆಗುತ್ತೆ" ಅಂದರು.

ಅವರು ಹೋದ ಮೇಲೆ ಲೆನ್ ಕಿಟಕಿಯ ಕಡೆ ಕೈ ತೋರಿಸಿದ. ಕುರ್ಚಿಯನ್ನು ಅಲ್ಲಿಗೆ ಎಳೆದೆ. ಅಲ್ಲಿಂದ ಕೊಟ್ಟಿಗೆ ಕಾಣುತ್ತದೆ, ಕೊಟ್ಟಿಗೆಯೊಳಗೆ ನನ್ನ ಸವತಿ. ಯುದ್ಧಕಾಲದ ಬೆಡ್‌ಫರ್ಡ್ ಲಾರಿ. ಹನ್ನೊಂದು ವರ್ಷದಿಂದ ನನ್ನ ಗಂಡನ ಪ್ರತಿ ಶನಿವಾರವನ್ನೂ ತಿಂದವಳು. ಅವಳನ್ನು ನೋಡಿ ಅವನು ಅತ್ತ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅಳಲಿಲ್ಲ, ಇದನ್ನು ಬರೆದಿಡುತ್ತೇನೆ.

ಜನವರಿ ೧೬, ಭಾನುವಾರ

ಡೆಸ್ಮಂಡ್ ಥರ್ಕಿಲ್ ಬಂದಿದ್ದ. ಹಳೆ ಮಿಲಿಟರಿ ಗಾಡಿಗಳ ಸಂಘದ ಕಾರ್ಯದರ್ಶಿ. ನಟ್ಟು ಬೋಲ್ಟನ್ನು ಮೂಸಿ ನೋಡಿ ಯಾವ ವರ್ಷದ್ದೆಂದು ಹೇಳುವ ಜನರ ಪೈಕಿ. ನನ್ನ ಹಣ್ಣಿನ ಕೇಕಿನ ಎರಡು ತುಂಡು ತಿಂದ ಮೇಲೆ ವಿಷಯಕ್ಕೆ ಬಂದ.

ಜೂನಿನಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಹೋಗುವ ಗಾಡಿಗಳ ಸಾಲಿನಲ್ಲಿ ಲೆನ್‌ನ ಲಾರಿಗೆ ಒಂದು ಜಾಗ ಇದೆ. ಯುದ್ಧದಲ್ಲಿ ನಮ್ಮ ಸೈನಿಕರು ಅಲ್ಲಿ ದಡ ಹತ್ತಿ ಐವತ್ತು ವರ್ಷ ತುಂಬುತ್ತದೆ. ಲೆನ್‌ನ ಅಪ್ಪ ಇಂಥದ್ದೇ ಲಾರಿಯನ್ನು ಅರೋಮಾಂಶ್ ಊರಿನ ಕಡಲಿನಿಂದ ಮೇಲಿನ ದಿಬ್ಬಕ್ಕೆ ಹತ್ತಿಸಿದ್ದ. ಊರಿಗೆ ಮರಳಿದ ಮೇಲೆ ಸಕ್ಕರೆ ಗೆಡ್ಡೆ ಬೆಳೆದುಕೊಂಡಿದ್ದ, ಯುದ್ಧದ ಮಾತೆತ್ತಲಿಲ್ಲ. "ದಿಬ್ಬ ಹತ್ತಿಸಿದೆ" ಅನ್ನುವುದಷ್ಟೇ ಮಗನಿಗೆ ಹೇಳಿದ್ದು. ಆ ಎರಡು ಪದದ ಮೇಲೆ ಲೆನ್ ಹನ್ನೊಂದು ವರ್ಷ ಲಾರಿ ಕಟ್ಟಿದ.

"ಮೇ ಹದಿನಾಲ್ಕಕ್ಕೆ ತಪಾಸಣೆ ಇದೆ ಮಾವಿಸ್" ಅಂದ ಡೆಸ್ಮಂಡ್. "ಗಾಡಿ ಪೂರ್ತಿ ಅಸಲಿ ಇರಬೇಕು. ದಿಬ್ಬ ಹತ್ತಿಸೋ ಡ್ರೈವರ್ ಇರಬೇಕು. ನಿಮ್ಮ ಹತ್ರ ಚಾವಣಿ ಮುಚ್ಚಳಾನೂ ಇಲ್ಲ, ಡ್ರೈವರೂ ಇಲ್ಲ. ಕಾಯ್ತಾ ಇರೋರು ಬೇರೆಯವರಿದ್ದಾರೆ. ಗಾಡಿನ ಬೇಕಾದ್ರೆ ನಾನೇ ತಗೋತೀನಿ."

ಮುಚ್ಚಳ ಅಂದರೆ ಕ್ಯಾಬಿನ್ನಿನ ನೆತ್ತಿಯ ಮೇಲಿನ ದುಂಡು ಕಿಂಡಿಯದ್ದು. ಪಕ್ಕದಲ್ಲಿ ಕೂತ ಸಿಪಾಯಿ ಅದನ್ನು ತೆರೆದು ನಿಂತು ಆಕಾಶದಲ್ಲಿ ವಿಮಾನ ಹುಡುಕುತ್ತಿದ್ದನಂತೆ. ಯುದ್ಧ ಮುಗಿದ ಮೇಲೆ ಲಾರಿ ಕೊಂಡ ರೈತರು ಮಳೆ ಸೋರುತ್ತದೆಂದು ಕಿತ್ತೆಸೆದು ತಗಡು ಹೊಡೆದರು. ಲಾರಿಗೆ ಇನ್ನು ಬೇಕಾಗಿರುವುದು ಅದೊಂದೇ. "ಹೊಸದಾಗಿ ಮಾಡಿಸಿದ್ದು ಒಂದಿದೆ, ನೋಡೋಕೆ ಥೇಟ್ ಹಾಗೇ" ಅಂತ ಡೆಸ್ಮಂಡ್ ಅಂದದ್ದೇ ತಡ, ಲೆನ್ ಗೋಡೆಯ ಕಡೆ ಮುಖ ತಿರುಗಿಸಿದ.

ನನಗೇನೋ ನಕಲಿಯೇ ಸಾಕಿತ್ತು. ಮುಚ್ಚಳ ಮುಚ್ಚಳವೇ. ಆದರೆ ಡೆಸ್ಮಂಡ್ ಬಾಗಿಲ ಹತ್ತಿರ ನನ್ನ ಭುಜ ತಟ್ಟಿ, "ನಿಮಗ್ಯಾಕಮ್ಮ ಈ ತಾಪತ್ರಯ, ಗಂಡಸರ ಹುಚ್ಚು ಇದು" ಅಂದ. ಭುಜ ತಟ್ಟಿದ್ದೇ ತಪ್ಪಾಯಿತು.

"ಡ್ರೈವರ್ ಸಿಕ್ಕಿದಾರೆ" ಅಂದೆ. "ಯಾರು?" ಅಂದ. "ಮೂವತ್ತು ವರ್ಷ ಶಾಲೆಯ ಊಟದ ವ್ಯಾನು ಓಡಿಸಿದೋರು" ಅಂದು ಬಾಗಿಲು ಹಾಕಿದೆ.

ಜನವರಿ ೨೪, ಸೋಮವಾರ

ಶಾಲೆಯ ಅಡಿಗೆಯವಳಾಗಿ ನಾನು ಓಡಿಸುತ್ತಿದ್ದ ಊಟದ ವ್ಯಾನಿಗೂ ಈ ಲಾರಿಗೂ ಕುರಿಗೂ ಕೋಣಕ್ಕೂ ಇರುವಷ್ಟು ಅಂತರ. ಗೇರು ಸುಲಭಕ್ಕೆ ಬೀಳುವುದಿಲ್ಲ. ಕ್ಲಚ್ ಒತ್ತಿ ಗೇರು ಬಿಡಿಸಬೇಕು, ಕ್ಲಚ್ ಬಿಟ್ಟು ಇಂಜಿನ್ನಿಗೆ ಒಂದು ಗುಟುಕು ಪೆಟ್ರೋಲು ಕೊಡಬೇಕು, ಮತ್ತೆ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಒಂದು ಉಸಿರು ಹೆಚ್ಚುಕಮ್ಮಿಯಾದರೆ ಹಂದಿ ಕೊಯ್ದಂಥ ಸದ್ದು. ಕೊಟ್ಟಿಗೆಯ ಪಾರಿವಾಳಗಳೆಲ್ಲ ಹಾರಿಹೋದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಲಾರಿಗೆ ಬೈದೆ.

ಲೆನ್‌ನನ್ನು ಪಕ್ಕದ ಸೀಟಿಗೆ ಹತ್ತಿಸಿದ್ದೇ ಒಂದು ಯುದ್ಧ. ಹಾಸಿಗೆಯ ಹಲಗೆ ಇಟ್ಟು, ಸೊಂಟಕ್ಕೆ ಬೆಡ್‌ಶೀಟು ಕಟ್ಟಿ, ಪಕ್ಕದ ಮನೆಯವನನ್ನು ಕರೆದು ತಳ್ಳಿಸಿ. ಕೂತ ಮೇಲೆ ಪ್ರತಿ ಸಲ ಹಂದಿ ಕೂಗಿದಾಗಲೂ "ದರಿದ್ರ" ಅಂದ. ಎಷ್ಟು ಸಲ ಅಂದನೆಂದು ಎಣಿಸಿಲ್ಲ, ನನ್ನ ಮಾನ ಉಳಿಯಲಿ ಎಂದು.

ಫೆಬ್ರವರಿ ೨, ಬುಧವಾರ

ಇವತ್ತು ಹೊಸದೊಂದು ಮಾಡಿದ. ನಾನು ಕ್ಲಚ್ ಒತ್ತುವ ಹೊತ್ತಿಗೆ ಸರಿಯಾಗಿ ಎಡಗೈಯಲ್ಲಿ ಬಾಗಿಲ ತಗಡಿನ ಮೇಲೆ ತಟ್ಟಿದ. ಆಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ಮೊದಲಿಗೆ ಸಿಟ್ಟಿನಿಂದ ಬಡಿಯುತ್ತಿದ್ದಾನೆ ಅಂದುಕೊಂಡೆ. ಮೂರನೆಯ ಬಾರಿಗೆ ತಿಳಿಯಿತು. ಒಂದು: ಒತ್ತಿ ಬಿಡಿಸು. ಎರಡು: ಗುಟುಕು ಕೊಡು. ಮೂರು: ಹಾಕು.

ತಟ್, ತಟ್, ತಟ್. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಆ ಸಣ್ಣ ಬಿಡುವಿನಲ್ಲೇ ಇದೆ ವಿದ್ಯೆಯೆಲ್ಲ. ಗೇರು ಬೆಣ್ಣೆಗೆ ಚಾಕು ಇಳಿದಂತೆ ಬಿತ್ತು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆವು. ರಾತ್ರಿಗೆ ಸಾಸೇಜು, ಆಲೂಗಡ್ಡೆ. ಲೆನ್ ಎಡಗೈಯಲ್ಲೇ ಎಲ್ಲ ತಿಂದ.

ಫೆಬ್ರವರಿ ೨೦, ಭಾನುವಾರ

ನ್ಯೂಆರ್ಕಿನ ಹಳೆ ಸಾಮಾನಿನ ಸಂತೆಗೆ ಒಬ್ಬಳೇ ಹೋಗಿದ್ದೆ. ಗದ್ದೆಯಲ್ಲಿ ಮಂಜು, ಮಂಜಿನಲ್ಲಿ ಟಾರ್ಪಾಲು, ಟಾರ್ಪಾಲಿನ ಮೇಲೆ ತುಕ್ಕು. ಆ ತುಕ್ಕಿನ ಸುತ್ತ ಮಂಡಿಯೂರಿ ಕೂತ ಗಂಡಸರು. ಚಾಪೆಲ್ಲಿನಲ್ಲಿ ಇವರು ಹೀಗೆ ಮಂಡಿಯೂರಿದ್ದನ್ನು ನಾನು ಕಂಡಿಲ್ಲ. ಒಬ್ಬ ಮೇಣದ ಕಾಗದದಲ್ಲಿ ಸುತ್ತಿದ ಏನನ್ನೋ ಬಿಚ್ಚಿ ತೋರಿಸುತ್ತಿದ್ದ, ಯುದ್ಧಕಾಲದಲ್ಲಿ ಗ್ರೀಸು ಹಚ್ಚಿ ಕಟ್ಟಿದ್ದು ಹಾಗೇ ಇದೆಯಂತೆ. ಸುತ್ತ ನಿಂತವರು ತೊಟ್ಟಿಲ ಕೂಸು ನೋಡುವಂತೆ ಬಗ್ಗಿ ನೋಡುತ್ತಿದ್ದರು.

ಮುಚ್ಚಳ ಇದೆಯಾ ಅಂದರೆ ಎಲ್ಲರೂ ನಕ್ಕರು. ಕೊನೆಗೆ ಮಡ್‌ಗಾರ್ಡು ಮಾರುವ ಒಬ್ಬ ಮುದುಕ, ಬೇಕನ್ ಬನ್ನು ಅಗಿಯುತ್ತಾ ಹೇಳಿದ:

"ಹೋಲ್ಬೀಚ್ ಜವುಗಿನ ಕಡೆ ಏಮಸ್ ಲೆಗಟ್ ಅಂತ ಇದ್ದಾನೆ. ಬಾವಿ ಮೇಲೆ ಇಟ್ಕೊಂಡಿದ್ದಾನೆ. ನಾನು ಕೇಳ್ದೆ, ಕೊಡಲಿಲ್ಲ. ನಮ್ಮಣ್ಣ ಕೇಳ್ದ, ನಾಯಿ ಬಿಟ್ಟ. ನೀವು ಹೋಗಿ ನೋಡಿ. ಓಡೋ ಬೂಟು ಹಾಕ್ಕೊಂಡ್ ಹೋಗಿ."

ಫೆಬ್ರವರಿ ೨೩, ಬುಧವಾರ

ನಾಯಿ ಸತ್ತು ಎರಡು ವರ್ಷ ಆಗಿದೆಯಂತೆ. ಏಮಸ್ ಲೆಗಟ್ ಮಾತ್ರ ಬದುಕಿದ್ದಾನೆ. ಎಂಬತ್ತರ ಹತ್ತಿರ, ಟೋಪಿ ತಲೆಯ ಮೇಲೇ ಬೆಳೆದಂತಿದೆ. ಅಂಗಳದ ನಡುವೆ ಇಟ್ಟಿಗೆಯ ಬಾವಿ, ಅದರ ಬಾಯಿಗೆ ಹೇಳಿ ಮಾಡಿಸಿದಂತೆ ಕೂತ ಮುಚ್ಚಳ. ಟಾರು ಬಳಿದಿದೆ. ಲೆನ್ ತೋರಿಸುತ್ತಿದ್ದ ಚಿತ್ರದಲ್ಲಿರುವ ಅದೇ ಉಬ್ಬು, ಅದೇ ಹಿಡಿ. ನನ್ನ ಎದೆ ಒಮ್ಮೆ ಜಿಗಿಯಿತು. ಯಾಕೆ ಜಿಗಿಯಬೇಕೋ, ತಗಡಿನ ತುಂಡಿಗೆ.

"ಮಾರಕ್ಕಿಲ್ಲ" ಅಂದ, ನಾನು ಬಾಯಿ ಬಿಡುವ ಮೊದಲೇ.

"ನಾನಿನ್ನೂ ಕೇಳಲೇ ಇಲ್ವಲ್ಲ."

"ಕೇಳೋ ಮುಖ ಇದೆ. ನಮ್ಮಪ್ಪ ಯುದ್ಧ ಮುಗಿದ ಮೇಲೆ ಲಾರಿ ತಗೊಂಡ. ಕೋಸು ಹೊತ್ತು ಹೊತ್ತು ಲಾರಿ ಸತ್ತಿತು, ಆಮೇಲೆ ಅಪ್ಪ ಸತ್ತ. ಮುಚ್ಚಳ ಉಳೀತು. ಹಲಗೆ ಹಾಕಿದ್ರೆ ಎರಡು ಚಳಿಗಾಲಕ್ಕೆ ಕೊಳೆಯುತ್ತೆ. ಈ ಬಾವಿಗೆ ಇದುವರೆಗೂ ಒಂದು ಬೆಕ್ಕೂ ಬಿದ್ದಿಲ್ಲ, ಗೊತ್ತಾ? ಮರಿಮಕ್ಕಳು ಬರ್ತಾರೆ. ನಿಮ್ಮ ಲಾರಿಗೆ ಮಳೆ ಬಿದ್ರೆ ಒದ್ದೆ ಆಗುತ್ತೆ ಅಷ್ಟೆ. ನನ್ನ ಬಾವಿಗೆ ಮಗು ಬಿದ್ರೆ?"

ಅವನು ಹೇಳಿದ್ದು ಸರಿಯಾಗಿತ್ತು. ಮರಳುವ ಮೊದಲು ಬಾವಿಯ ಬಾಯಿಗೆ ನನ್ನ ಮಫ್ಲರನ್ನು ಸುತ್ತಿ ಅಳತೆ ಹಿಡಿದೆ. ಯಾಕೆ ಹಿಡಿದೆನೆಂದು ಆಗ ನನಗೂ ಗೊತ್ತಿರಲಿಲ್ಲ. ನಮ್ಮ ಅಡಿಗೆಮನೆಗೆ ಬಂದು ಕೆಟಲ್ ಇಡುವಾಗ ಗೋಡೆ ಕಂಡಿತು.

ಗೋಡೆಯ ಮೇಲೆ ಶಾಲೆಯ ಸೂಪಿನ ಹಂಡೆಯ ಮುಚ್ಚಳ ತೂಗುಹಾಕಿದೆ. ಎರಕದ ಕಬ್ಬಿಣ. ನಾನು ನಿವೃತ್ತಳಾದ ದಿನ ಮಕ್ಕಳೂ ಮೇಷ್ಟರುಗಳೂ ಸೇರಿ ಕೊಟ್ಟದ್ದು. ಈ ಊರಿನ ಎರಡು ತಲೆಮಾರು ಅದರ ಕೆಳಗಿನ ಬಟಾಣಿ ಸೂಪು ಕುಡಿದು ಬೆಳೆದಿದೆ, ಡೆಸ್ಮಂಡನೂ ಸೇರಿ. ಮಫ್ಲರು ಸುತ್ತಿದೆ. ಸರಿಯಾಗಿ ಕೂಡಿತು.

ಲೆನ್ ನೋಡುತ್ತಿದ್ದ. ಬೇಡ ಎಂದು ತಲೆಯಾಡಿಸಿದ. "ನೀನು ಸುಮ್ನಿರು, ಇದು ನಂದು" ಅಂದೆ.

ಫೆಬ್ರವರಿ ೨೬, ಶನಿವಾರ

ಲೆನ್‌ನನ್ನೂ ಕರೆದುಕೊಂಡು ಹೋದೆ. ಏಮಸ್ ನನ್ನ ಮುಚ್ಚಳ ಎತ್ತಿ ನೋಡಿದ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿದ, ಬಾವಿಗೆ ಇಟ್ಟ, ಹತ್ತಿ ನಿಂತ. ಆ ಭಾರಕ್ಕೂ ಅದು ಅಲುಗಲಿಲ್ಲ.

"ಎಲ್ಲೀದು?"

"ಶಾಲೆಯ ಸೂಪಿನ ಹಂಡೇದು. ನಾನು ಅಲ್ಲಿ ಅಡಿಗೆಯವಳಾಗಿದ್ದೆ."

"ಒಳ್ಳೆ ಮುಚ್ಚಳ" ಅಂದ. ಕೆಳಗಿಳಿದು, "ಇದನ್ನ ಕೊಟ್ಟುಬಿಡ್ತೀರಾ?" ಅಂದ.

"ನೀವು ಅದನ್ನ ಕೊಟ್ಟುಬಿಡ್ತೀರಾ?" ಅಂದೆ.

ಕಾರಿನ ಕಿಟಕಿಯಿಂದ ಲೆನ್‌ನ ತೊಡೆಯ ಮೇಲೆ ಲಾರಿಯ ಮುಚ್ಚಳ ಇಟ್ಟೆವು. ಎಡಗೈಯಿಂದ ಅದರ ಅಂಚನ್ನು ಒಂದು ಸುತ್ತು ಸವರಿದ. ಆಮೇಲೆ ಹೇಳಿದ. ಅವನಿಗೆ ಈಗ ಒಂದೇ ಶಬ್ದ, ಆದರೆ ದನಿ ಬೇರೆ ಬೇರೆ. ಟೀ ಆರಿದ್ದಕ್ಕೆ ಒಂದು, ಡೆಸ್ಮಂಡನಿಗೆ ಒಂದು, ಕಾಲು ನೋವಿಗೆ ಒಂದು. ಇದು ನಾನು ಕೇಳಿರದ ದನಿ. ಮೆತ್ತಗೆ, ಉದ್ದಕ್ಕೆ, ಕೊನೆಯಲ್ಲಿ ಉಸಿರು ಮಾತ್ರ ಉಳಿಯುವಂತೆ: "ದರಿ...ದ್ರ". ಅಪ್ಪಟ ಅಸಲಿ ಸಾಮಾನು ಕೈಗೆ ಸಿಕ್ಕಾಗಿನ ದನಿ.

ಏಮಸ್ ಹುಬ್ಬೇರಿಸಿದ. "ಯಾರಿಗೆ ಬೈತಿರೋದು ಇವ್ರು?"

"ಬೈತಿಲ್ಲ, ಹೊಗಳ್ತಿದಾರೆ" ಅಂದೆ.

ಅಡಿಗೆಮನೆಯ ಗೋಡೆಯಲ್ಲಿ ದುಂಡಗೆ ಒಂದು ಬಿಳಿ ಕಲೆ ಉಳಿದಿದೆ. ಕ್ಯಾಲೆಂಡರು ತೂಗುಹಾಕಿದೆ, ಕಲೆ ಪೂರ್ತಿ ಮುಚ್ಚಲಿಲ್ಲ.

ಮಾರ್ಚ್ ೫, ಶನಿವಾರ

ಮುಚ್ಚಳ ಬೆಳಗಿದೆ. ಲೆನ್ ಮಲಗಿದ್ದಾಗ ಶುರು ಮಾಡಿದ್ದು. ಬಣ್ಣ ಕೀಳುವ ಔಷಧ ಹಾಕಿ, ತಂತಿಯ ಉಂಡೆಯಲ್ಲಿ ತಿಕ್ಕಿ. ಮೇಲೆ ಟಾರು, ಅದರ ಕೆಳಗೆ ಏಮಸ್‌ನ ಅಪ್ಪ ಬಳಿದ ಕೆಂಪು, ಅದರ ಕೆಳಗೆ ಇನ್ನೇನೋ ಮಣ್ಣು ಬಣ್ಣ. ಒಳಗಡೆ ಬಿಳಿಯದೊಂದು ಗುರುತೂ ಇತ್ತು, ಕೊಳೆ ಎಂದು ಅದನ್ನೂ ತೆಗೆದೆ. ನನ್ನ ಅಡಿಗೆಮನೆಯಲ್ಲಿ ಮೂವತ್ತು ವರ್ಷ ಒಂದು ಪಾತ್ರೆಯೂ ಕಪ್ಪಾಗಿ ಕೂತದ್ದಿಲ್ಲ. ಈಗ ಅದು ಕನ್ನಡಿಯಂತಾಗಿದೆ, ಮುಖ ಕಾಣುತ್ತದೆ. ಲೆನ್ ಏಳಲಿ, ತೋರಿಸುತ್ತೇನೆ.

ಅದೇ ದಿನ, ಸಂಜೆ

ನೋಡಿದ. ಆ ಒಂದು ಶಬ್ದವೂ ಬರಲಿಲ್ಲ.

ಮಾರ್ಚ್ ೮, ಮಂಗಳವಾರ

ಬೆಳಗಿದ್ದರಲ್ಲಿ ತಪ್ಪೇನೆಂದು ಡೆಸ್ಮಂಡನಿಗೆ ಫೋನು ಮಾಡಿ ಕೇಳಿದೆ. ಅವನು ಸತ್ತವರ ಮನೆಗೆ ಬಂದವನ ದನಿಯಲ್ಲಿ ಹೇಳಿದ. ಮೂಲ ಬಣ್ಣ ಉಳಿದ ಮುಚ್ಚಳ ಅವನು ಇದುವರೆಗೂ ಕಂಡಿಲ್ಲವಂತೆ. ಆ ಬಿಳಿ ಗುರುತು ಆ ಲಾರಿ ಯಾವ ದಂಡಿನದೆಂದು ಹೇಳುವ ಗುರುತಂತೆ. "ಕೆಳಗಿನ ಬಣ್ಣ ತೆಗೆಯೋದು ಅಂದ್ರೆ ಮಾವಿಸ್, ಗೋರಿ ಕಲ್ಲಿನ ಮೇಲಿನ ಹೆಸರು ಉಜ್ಜಿ ಹಾಕಿದ ಹಾಗೆ" ಅಂದ. "ಹೇಗಿತ್ತು ಅದು? ನೆನಪಿದೆಯಾ?"

ನೆನಪಿಲ್ಲ. ಕೊಳೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

ಮಾರ್ಚ್ ೧೧, ಶುಕ್ರವಾರ

ಲಾರಿ ಹತ್ತಲು ಕರೆದೆ. ಬರಲಿಲ್ಲ.

ಮಾರ್ಚ್ ೧೫

ಇವತ್ತೂ ಇಲ್ಲ. ಒಬ್ಬಳೇ ಓಡಿಸಿದೆ. ಹಂದಿ ಕೂಗಿತು.

ಮಾರ್ಚ್ ೧೯, ಶನಿವಾರ

ಜಗಳ ಆಡಿದೆ. ಮಾತು ಬಾರದವನ ಜೊತೆ ಜಗಳ ಆಡುವುದು ಗೋಡೆಗೆ ಚೆಂಡು ಎಸೆದಂತೆ, ಎಸೆದದ್ದೆಲ್ಲ ನಮ್ಮ ಮುಖಕ್ಕೇ ವಾಪಸು. "ನನ್ನ ಮುಚ್ಚಳ ಕೊಟ್ಟು ತಂದೆ ಕಣೋ ಅದನ್ನ. ಬೆಳಗೋದು ನನಗೆ ಗೊತ್ತಿರೋ ಕೆಲಸ, ಅದನ್ನೇ ಮಾಡಿದೆ. ತಪ್ಪಾಯ್ತು. ನಾರ್ಮಂಡಿಗೆ ಬರಲ್ವಾ ಹಾಗಾದ್ರೆ? ನಿಮ್ಮಪ್ಪನೂ ಮಾತಾಡಲಿಲ್ಲ, ನೀನೂ ಮಾತಾಡಬೇಡ. ಸುಖವಾಗಿರಿ ಇಬ್ಬರೂ" ಅಂದೆ.

ಹೇಳಿದ ಮೇಲೆ ಕೊಟ್ಟಿಗೆಗೆ ಹೋಗಿ ಲಾರಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅಳುವುದಕ್ಕೆ ಒಳ್ಳೆಯ ಎತ್ತರದಲ್ಲಿದೆ ಆ ಮೆಟ್ಟಿಲು.

ಕೈಯಲ್ಲಿ ಮುಚ್ಚಳ ಇತ್ತು. ತಿರುವಿ ತಿರುವಿ ನೋಡಿದೆ, ನನ್ನದೇ ಅತ್ತ ಮುಖ ಕಂಡಿತು. ಬಾಗಿಲು ಮುಚ್ಚುವ ಕೀಲು ಇರುತ್ತದಲ್ಲ, ಅಂಥದ್ದೊಂದು ಕೀಲು ಅದಕ್ಕೂ ಇದೆ. ಅದು ತುಕ್ಕು ಹಿಡಿದು ಬಿಗಿಯಾಗಿತ್ತು, ಅದರ ಕೆಳಗೆ ನನ್ನ ತಂತಿ ಹೋಗಿರಲಿಲ್ಲ. ಎಣ್ಣೆ ಬಿಟ್ಟು, ಕಾಯಿಸಿ, ಮಧ್ಯಾಹ್ನದವರೆಗೆ ಕೂತು ಬಿಚ್ಚಿದೆ. ಕೆಳಗೆ ಹೆಬ್ಬೆರಳ ಉಗುರಿನಷ್ಟು ಬಣ್ಣ ಉಳಿದಿತ್ತು. ಐವತ್ತು ವರ್ಷ ಬೆಳಕು ಕಾಣದ ಬಣ್ಣ.

ಮಾರ್ಚ್ ೨೬, ಶನಿವಾರ

ಡಬ್ಬಿಯ ಮೇಲೆ "ಮಿಲಿಟರಿ ಹಸಿರು" ಎಂದು ಬರೆದು ಮಾರುವುದೆಲ್ಲ ಸುಳ್ಳು. ಉಗುರಿನಷ್ಟಿರುವ ನಿಜದ ಪಕ್ಕ ಇಟ್ಟರೆ ಅದು ಬಟಾಣಿ ಸೂಪಿನಂತೆ ಕಾಣುತ್ತದೆ. ನಿಜವಾದದ್ದು ಹಸಿರೂ ಅಲ್ಲ, ಕಂದೂ ಅಲ್ಲ. ಮಾಂಸದ ಗ್ರೇವಿಗೆ ಸಾಸಿವೆ ಪುಡಿ ಹೆಚ್ಚಾಗಿ, ಅದಕ್ಕೆ ಒಂದು ಚಿಟಿಕೆ ಮಸಿ ಬಿದ್ದರೆ ಬರುವ ಬಣ್ಣ. ಗ್ರೇವಿ ನನಗೆ ಗೊತ್ತು. ನಾನೂರು ತಟ್ಟೆಗೆ ದಿನಾ ಒಂದೇ ಬಣ್ಣದ ಗ್ರೇವಿ ಮಾಡಿದವಳು ನಾನು, ಹೆಡ್‌ಮಾಸ್ಟರೇ ನೋಡಿ ಗುರುತು ಹಿಡಿಯುತ್ತಿದ್ದರು. ಕಂದು ಹಾಕಿದೆ, ಹಳದಿ ಹಾಕಿದೆ, ಕಪ್ಪನ್ನು ಚಮಚದ ತುದಿಯಲ್ಲಿ. ಒಣಗಿಸಿ ನೋಡಿದೆ. ಮತ್ತೆ ಬೆರೆಸಿದೆ. ಒಣಗಿದ ಮೇಲೆ ಬಣ್ಣ ಒಂದು ಮೆಟ್ಟಿಲು ಕಪ್ಪಾಗುತ್ತದೆ, ಆರಿದ ಗ್ರೇವಿಯ ಹಾಗೇ.

ಏಪ್ರಿಲ್ ೩, ಈಸ್ಟರ್

ಚಾಪೆಲ್ಲಿನಿಂದ ಬಂದು ಕುರಿಮಾಂಸ ಒಲೆಗಿಟ್ಟು, ನಾಲ್ಕು ತಗಡಿನ ತುಂಡುಗಳನ್ನು ಲೆನ್‌ನ ಮುಂದೆ ಜೋಡಿಸಿದೆ. ಮೂರಕ್ಕೆ ಅಂಗಡಿಯ ಬಣ್ಣ, ಒಂದಕ್ಕೆ ನನ್ನದು. ಪಕ್ಕದಲ್ಲಿ ಕೀಲು ಬಿಚ್ಚಿದ ಮುಚ್ಚಳ. ಅವನು ಮೊದಲು ಉಗುರಿನಷ್ಟು ಬಣ್ಣವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ತುಂಡನ್ನೆತ್ತಿ ಅದರ ಪಕ್ಕ ಹಿಡಿದ, ಕಿಟಕಿಯ ಬೆಳಕಿಗೆ ತಿರುಗಿಸಿದ, ನೆರಳಿಗೆ ತಿರುಗಿಸಿದ. ಗೆರೆ ಎಲ್ಲಿದೆ ಎಂದು ಹುಡುಕಿದ. ಸಿಗಲಿಲ್ಲ ಅವನಿಗೆ.

ಎಡಗೈಯಿಂದ ಮೇಜಿನ ಮೇಲೆ ತಟ್ಟಿದ. ತಟ್, ತಟ್, ತಟ್.

ಕುರಿಮಾಂಸ ಸ್ವಲ್ಪ ಸೀದುಹೋಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ.

ಏಪ್ರಿಲ್ ೧೭, ಭಾನುವಾರ

ಉಗುರಿನಷ್ಟಿದ್ದ ಬಣ್ಣವನ್ನು ಹಾಗೇ ಬಿಟ್ಟು, ಸುತ್ತಲೂ ಬಳಿದೆ. ಮುಚ್ಚಳ ಕೂರಿಸಿದ್ದಾಯಿತು. ಬಿಳಿ ಗುರುತನ್ನು ಮತ್ತೆ ಬರೆಯೋಣವೇ ಎಂದು ಡೆಸ್ಮಂಡ್ ಕೇಳಿದ, ಅವನ ಹತ್ತಿರ ಇಂಥ ಗುರುತುಗಳ ಪುಸ್ತಕವೇ ಇದೆಯಂತೆ. "ಗೊತ್ತಿಲ್ಲದ್ದನ್ನ ಬರೆದ್ರೆ ಸುಳ್ಳಾಗುತ್ತೆ. ಖಾಲಿ ಇರಲಿ" ಅಂದೆ. ಲೆನ್ ಹೌದೆಂದು ತಲೆಯಾಡಿಸಿದ.

ಈ ವಾರ ಬ್ರೇಕಿನ ಕೊಳವೆಯೊಳಗೆ ಸೇರಿದ್ದ ಗಾಳಿ ತೆಗೆದೆವು. ಅವನು ಎಡಗಾಲಲ್ಲಿ ಪೆಡಲ್ ಒತ್ತುವುದು, ನಾನು ಕೆಳಗೆ ಮಲಗಿ ತಿರುಪು ಬಿಡಿಸುವುದು. ಕಿವಿಯೊಳಗೆಲ್ಲ ಎಣ್ಣೆ. ನಿನ್ನೆ ಸಂಜೆ ಕ್ಷೌರದಂಗಡಿಯ ಗ್ಲಾಡಿಸ್ ನನ್ನ ಕೂದಲು ಮೂಸಿ, "ಇದೇನೇ ಮಾವಿಸ್, ಟ್ರ್ಯಾಕ್ಟರ್ ಕೆಳಗೆ ಮಲಗಿದ್ಯಾ?" ಅಂದಳು. "ಟ್ರ್ಯಾಕ್ಟರ್ ಅಲ್ಲ, ಬೆಡ್‌ಫರ್ಡ್" ಎಂದು ತಿದ್ದಿದೆ. ಜನಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಮೇ ೧೪, ಶನಿವಾರ

ತಪಾಸಣೆ. ನಮ್ಮ ಕಡೆ ನೆಲ ಚಪ್ಪಟೆ, ದಿಬ್ಬ ಬೇಕೆಂದರೆ ಲೌತ್ ಊರಿನಾಚೆಗೆ ಹೋಗಬೇಕು. ಡೆಸ್ಮಂಡ್ ತನ್ನ ಜೀಪಿನಲ್ಲಿ ಬಂದಿದ್ದ, ಜೊತೆಗೆ ಸಂಘದ ಇನ್ನಿಬ್ಬರು.

ಮೊದಲು ಮುಚ್ಚಳ. ಡೆಸ್ಮಂಡ್ ಏಣಿ ಹತ್ತಿ ಭೂತಗನ್ನಡಿ ಹಿಡಿದು ನೋಡಿದ. ಉಗುರಿನಷ್ಟು ಬಣ್ಣ ಎಲ್ಲಿ ಮುಗಿಯುತ್ತದೆ, ನನ್ನದು ಎಲ್ಲಿ ಶುರುವಾಗುತ್ತದೆ ಎಂದು ತೋರಿಸಿ ಅಂದ. "ನೀವೇ ಹುಡುಕಿ" ಅಂದೆ. ಇಳಿದು ಬಂದ. ಬಣ್ಣ ಯಾರು ಬೆರೆಸಿದ್ದು ಎಂದು ಕೇಳಿದ.

"ನಾನು. ನಿಮಗೂ ಅದೇ ಕೈಯಲ್ಲಿ ಗ್ರೇವಿ ಬಡಿಸಿದ್ದೇನೆ ಡೆಸ್ಮಂಡ್, ಎರಡನೇ ಸಲ ಕೇಳೋರ ಸಾಲಲ್ಲಿ ನೀವೇ ಮೊದಲು ಇರ್ತಿದ್ರಿ."

ಮಿಕ್ಕಿಬ್ಬರು ನಕ್ಕರು. ಹೆಮ್ಮೆ ಆಯಿತು, ಮುಚ್ಚಿಡುವುದೇಕೆ. ಗಂಟಲವರೆಗೆ ಹೆಮ್ಮೆ ಆಯಿತು.

ಆಮೇಲೆ ದಿಬ್ಬ. ಅರ್ಧ ಹತ್ತಿಸಿ ನಿಲ್ಲಿಸು ಅಂದರು, ನಿಲ್ಲಿಸಿದೆ. ಮತ್ತೆ ಹೊರಡಿಸು ಅಂದರು, ಹೊರಡಿಸಿದೆ. ತಿರುವಿನಲ್ಲಿ ಲೆನ್ ತಟ್ಟಿದ, ನಾನು ಗೇರು ಇಳಿಸಿದೆ. ಹಂದಿ ಕೂಗಲಿಲ್ಲ. ಕೆಳಗೆ ಬಂದಾಗ ಡೆಸ್ಮಂಡ್ ಮುಖ ಗಂಟಿಕ್ಕಿಕೊಂಡಿದ್ದ.

"ಅವನು ಬಾಗಿಲು ಬಡೀತಿದ್ದ ಮಾವಿಸ್. ಗೇರು ಅವನು ಹೇಳಿಕೊಟ್ಟು ಹಾಕಿಸಿದ ಹಾಗಾಯ್ತು."

"ಬಾಗಿಲು ಬಡೀಬಾರದು ಅಂತ ನಿಮ್ಮ ನಿಯಮದಲ್ಲಿ ಎಲ್ಲಿದೆ?"

"ಇಲ್ಲ, ಆದ್ರೂ..."

"ನಿಮ್ಮ ಜೀಪಿನ ಗಾಜಿನ ಚೌಕಟ್ಟಿಗೆ ತಲೆ ಮೇಲೆ ಅಡ್ಡ-ಉದ್ದ ಎರಡು ಗೆರೆಯ ಹೊಸ ತಿರುಪು ಹಾಕಿದ್ದೀರಲ್ಲ, ಯುದ್ಧಕಾಲದ್ದಕ್ಕೆ ಒಂದೇ ಗೆರೆ ಇರಬೇಕು. ಹಾಗಂತ ನಾನೇನಾದ್ರೂ ಅಂದೆನಾ?"

ಅವನು ತಿರುಗಿ ನೋಡಿದ. ಕಿವಿ ಕೆಂಪಗಾಯಿತು. ಪಾಸು ಮಾಡಿದ. ಲೆನ್ ಮನೆಯವರೆಗೂ ಭುಜ ಕುಲುಕಿಸಿ ನಕ್ಕ, ಬಾಯಿ ಒಂದೇ ಕಡೆ ಏಳುತ್ತದೆ, ಆದರೂ ಅದು ಅವನ ಹಳೆಯ ನಗುವೇ.

ತಪಾಸಣೆಯ ಜಾಗಕ್ಕೆ ಒಬ್ಬ ಮುಚ್ಚಳ ಮಾರಲು ಬಂದಿದ್ದ, ಹೊಸದಾಗಿ ಮಾಡಿಸಿದ್ದು, ಥೇಟ್ ಹಾಗೇ. ಹಿಡಿ ಎರಡು ನೂಲು ದಪ್ಪ, ಉಬ್ಬು ಚಪ್ಪಟೆ. ಇಂಥದ್ದನ್ನು ಯಾರು ತಾನೇ ಹಾಕುತ್ತಾರೆ ಎಂದು ಅವನನ್ನೇ ಕೇಳಿದೆ.

ಜೂನ್ ೪, ಶನಿವಾರ. ಪೋರ್ಟ್ಸ್‌ಮತ್

ಹಡಗು ರಾತ್ರಿಗೆ. ಬಂದರಿನ ತುಂಬ ಲಾರಿಗಳು, ಎಲ್ಲರೂ ಒಬ್ಬರ ಬಾನೆಟ್ಟಿನೊಳಗೆ ಒಬ್ಬರು ಮೂಗು ತೂರಿಸಿದ್ದಾರೆ. ನಾನೂ ಮೂರ್ನಾಲ್ಕು ಕಡೆ ತೂರಿಸಿದೆ. ನನ್ನ ಲಾರಿಯ ಮುಚ್ಚಳ ನೋಡಲು ಸ್ಕಾಟ್ಲೆಂಡಿನಿಂದ ಬಂದವರೂ ಸಾಲುಗಟ್ಟಿದ್ದರು. ಆ ಉಗುರಿನಷ್ಟು ಬಣ್ಣವನ್ನು ಮುಟ್ಟಬೇಡಿ ಎಂದು ಹೇಳಿ ಹೇಳಿ ಗಂಟಲು ಒಣಗಿತು. ಲೆನ್‌ಗೆ ಚಳಿ, ಎರಡು ಸ್ವೆಟರು ಹಾಕಿದೆ.

ಜೂನ್ ೭, ಮಂಗಳವಾರ. ಅರೋಮಾಂಶ್

ನಿನ್ನೆ ರಾಣಿ, ಮಂತ್ರಿಗಳಂಥ ದೊಡ್ಡವರ ದಿನ, ರಸ್ತೆಗಳನ್ನೆಲ್ಲ ಮುಚ್ಚಿದ್ದರು. ನಮ್ಮನ್ನು ಬಿಟ್ಟದ್ದು ಇವತ್ತು. ಬೆಳಿಗ್ಗೆ ಮೋಡ, ಆಮೇಲೆ ಗಾಳಿ. ಮರಳಿನ ಪಕ್ಕದಿಂದ ಸಾಲು ಹೊರಟಿತು, ಮುಂದೆ ಡೆಸ್ಮಂಡನ ಜೀಪು, ಅದಕ್ಕೆ ಈಗ ಒಂದೇ ಗೆರೆಯ ತಿರುಪು. ರಸ್ತೆಯ ಎರಡೂ ಕಡೆ ಜನ. ಎದೆಯ ತುಂಬ ಪದಕ ಹಾಕಿದ ಮುದುಕರು ಕುರ್ಚಿಗಳಲ್ಲಿ ಕೂತಿದ್ದರು. ಊರಿನ ಹೆಂಗಸರು ಲೆನ್‌ನ ಕಿಟಕಿಯೊಳಗೆ ಹೂ ಎಸೆದರು. ಅವನ ತಲೆಯ ಮೇಲಿನ ಮುಚ್ಚಳ ತೆರೆದಿಟ್ಟಿದ್ದೆ, ಬೆಳಕು ನೇರ ಅವನ ಮೇಲೆ ಬೀಳುತ್ತಿತ್ತು.

ದಿಬ್ಬ ನಾನು ಅಂದುಕೊಂಡದ್ದಕ್ಕಿಂತ ಕಡಿದು. ಅರ್ಧದಲ್ಲಿ ತಿರುವಿದೆ, ತಿರುವಿನಲ್ಲಿ ಮುಂದಿನ ಗಾಡಿ ನಿಧಾನವಾಯಿತು. ಇಂಜಿನ್ನಿನ ದನಿ ಕುಗ್ಗಿತು, ಒತ್ತಿ ಬಿಡಿಸಿದೆ, ಗುಟುಕು ಕೊಟ್ಟೆ, ಹಾಕಿದೆ. ಇನ್ನೂ ಮೇಲೆ ಮತ್ತೊಂದು ಸಲ. ಲಾರಿ ಒಂದು ಸಲವೂ ಗೊಣಗಲಿಲ್ಲ. ಎಡಕ್ಕೆ ಕಡಲು ಕಂಡಿತು, ನೀರಿನಲ್ಲಿ ಇನ್ನೂ ನಿಂತಿರುವ ಹಳೆಯ ಬಂದರಿನ ಕಪ್ಪು ತುಂಡುಗಳು ಕಂಡವು. ಮೇಲಿನ ಹುಲ್ಲಿನ ಮೇಲೆ ಬಂದು ನಿಲ್ಲಿಸಿ, ಬ್ರೇಕು ಎಳೆದೆ. ಮಾವ, ಹತ್ತಿಸಿದೆ ನೋಡಿ, ಎಂದು ಮನಸ್ಸಿನಲ್ಲೇ ಅಂದೆ. ನನ್ನ ಜೀವಮಾನದಲ್ಲಿ ನನಗೆ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಆಮೇಲೆ ನೆನಪಾಯಿತು. ಇಡೀ ದಿಬ್ಬದಲ್ಲಿ ಲೆನ್ ಒಂದು ಸಲವೂ ಬಾಗಿಲು ತಟ್ಟಿರಲಿಲ್ಲ. ಎಡಗೈ ತೊಡೆಯ ಮೇಲೆ ಹೂವಿನ ರಾಶಿಯ ನಡುವೆ ಸ್ವಸ್ಥವಾಗಿ ಮಲಗಿತ್ತು. ಕಡಲು ನೋಡುತ್ತಾ ಮರೆತನೋ, ನಿದ್ದೆ ಬಂದಿತ್ತೋ.

"ಏನಾಗಿತ್ತೋ ಕೈಗೆ?" ಎಂದು ಬೈದೆ. "ಅಷ್ಟು ಕಡಿದು ತಿರುವಿನಲ್ಲಿ ನನ್ನನ್ನ ಒಬ್ಬಳನ್ನೇ ಬಿಟ್ಟೆಯಲ್ಲ. ಗೇರು ತಪ್ಪಿದ್ರೆ ಹಿಂದಿನೋರ ಮೇಲೆ ಹೋಗ್ತಿದ್ವಿ."

ಅವನು ಹೇಳಿದ. ಮೆತ್ತಗೆ, ಉದ್ದಕ್ಕೆ, ಕೊನೆಯಲ್ಲಿ ಉಸಿರು ಮಾತ್ರ ಉಳಿಯುವಂತೆ: "ದರಿ...ದ್ರ".

ಆ ದನಿ ನನಗೆ ಗೊತ್ತು, ಏಮಸ್‌ನ ಅಂಗಳದಲ್ಲಿ ಕೇಳಿದ್ದೆ. ಯಾವ ಅಸಲಿ ಸಾಮಾನು ಕಂಡನೋ ಎಂದು ಗಾಡಿಗಳ ಸಾಲನ್ನೆಲ್ಲ ತಿರುಗಿ ನೋಡಿದೆ. ಅಂಥದ್ದೇನೂ ಕಾಣಲಿಲ್ಲ. ಅವನು ಆ ಕಡೆ ನೋಡುತ್ತಲೂ ಇರಲಿಲ್ಲ, ನನ್ನನ್ನೇ ನೋಡುತ್ತಿದ್ದ.